ಸತ್ಯಾಂಶ: ರೀಸೆಟ್ ಮಾಡಿದ ಫೋನಿನಿಂದ ಫೋಟೊ ವಾಪಸ್ ಬರುತ್ತದೆಯೇ?

‘ರೀಸೆಟ್ ಮಾಡಿದರೂ ಅಂಗಡಿಯವರು ನಿಮ್ಮ ಫೋಟೊ ವಾಪಸ್ ತೆಗೀತಾರೆ, 35 ಸಲ ಬೇರೆ ವಿಡಿಯೊ ತುಂಬಿಸಿ ಅಳಿಸಿ’ ಎನ್ನುವಂಥ ಸಂದೇಶ ನಿಮಗೂ ಬಂದಿರಬಹುದು. ಹಳೆಯ ಆಂಡ್ರಾಯ್ಡ್‌ಗಳ ಕಾಲದಲ್ಲಿ ಈ ಭಯಕ್ಕೆ ಅರ್ಥವಿತ್ತು. ಈಗಿನ ಫೋನುಗಳ ಕಥೆ ಬೇರೆ.

ಐಫೋನ್‌ ಮತ್ತು ಈಚಿನ ವರ್ಷಗಳ ಆಂಡ್ರಾಯ್ಡ್‌ಗಳಲ್ಲಿ ನಿಮ್ಮ ಮಾಹಿತಿ ಮೊದಲಿನಿಂದಲೂ ಗೂಢಲಿಪಿಯಲ್ಲೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಚಿಪ್‌ನಲ್ಲಿ ಏನಾದರೂ ಉಳಿದರೂ ಅದು ಯಾರಿಗೂ ಅರ್ಥವಾಗದ ಅಂಕಿಗಳ ರಾಶಿ, ಅಷ್ಟೆ. ಗ್ಯಾಲರಿಯಲ್ಲಿ ಡಿಲೀಟ್ ಒತ್ತುವುದು ಮಾತ್ರ ಇದಕ್ಕೆ ಸಮವಲ್ಲ. ಆ ಫೋಟೊ ಕೆಲವು ದಿನ ಕಸದಬುಟ್ಟಿಯಲ್ಲೇ ಕೂತಿರುತ್ತದೆ.

ಹಾಗಾದರೆ 35 ಎಲ್ಲಿಂದ ಬಂತು? 1996ರಲ್ಲಿ ಕಂಪ್ಯೂಟರ್ ಭದ್ರತಾ ತಜ್ಞ ಪೀಟರ್ ಗುಟ್‌ಮನ್ ಬರೆದ ಪ್ರಬಂಧದಿಂದ. ಅದು ಅಂದಿನ ಹಾರ್ಡ್‌ಡಿಸ್ಕ್‌ಗಳ ಬಗೆಬಗೆಯ ತಂತ್ರಗಳನ್ನೆಲ್ಲ ಒಟ್ಟಿಗೆ ಗಮನದಲ್ಲಿಟ್ಟುಕೊಂಡ ಲೆಕ್ಕ. ಎಲ್ಲ ಡಿಸ್ಕ್‌ಗಳಿಗೂ 35 ಸಲ ಬರೆಯುವುದು ಅರ್ಥಹೀನ ಎಂದು ಅವರೇ ಆಮೇಲೆ ಹೇಳಿದ್ದಾರೆ. (ಫಾರ್ವರ್ಡ್ ಮಾಡುವವರು ಈ ಭಾಗ ಓದುವುದಿಲ್ಲ!) ಇಂದಿನ ಹಾರ್ಡ್‌ಡಿಸ್ಕ್‌ಗೆ ಪೂರ್ತಿಯಾಗಿ ಒಂದು ಸಲ ಮೇಲೆ ಬರೆದರೆ ಸಾಮಾನ್ಯವಾಗಿ ಸಾಕು.

ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಧನ) ಇದ್ದರೆ ಹಾಗಲ್ಲ. ಬರೆದದ್ದನ್ನು ಯಾವ ಜಾಗದಲ್ಲಿಡಬೇಕೆಂದು ಅದೇ ನಿರ್ಧರಿಸುವುದರಿಂದ, ಎಷ್ಟು ಸಲ ತುಂಬಿಸಿದರೂ ಹಳೆಯ ತುಣುಕು ಉಳಿಯಬಹುದು. ಅಲ್ಲಿ ತಯಾರಕರೇ ಕೊಡುವ, ಇಡೀ ಎಸ್‌ಎಸ್‌ಡಿಯನ್ನು ಅಳಿಸುವ ‘ಸೆಕ್ಯೂರ್ ಇರೇಸ್’ ಸೌಲಭ್ಯ ಬಳಸಿ. ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಮೊದಲಿನಿಂದಲೇ ಚಾಲೂ ಇದ್ದಿದ್ದರೆ ಇನ್ನೂ ನಿಶ್ಚಿಂತೆ.

ಮಾರುವ ಮುನ್ನ ಜನ ಮರೆಯುವುದು ಮೆಮೊರಿ ಕಾರ್ಡನ್ನು. ರೀಸೆಟ್ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ತೆಗೆದಿಟ್ಟುಕೊಳ್ಳಿ. ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಲಾಗೌಟ್ ಆಗಿಯೇ ರೀಸೆಟ್ ಮಾಡಿ. ಇಲ್ಲದಿದ್ದರೆ ಕೊಂಡವರು ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಫೋನ್ ಮಾಡುತ್ತಾರೆ.