ಸ್ಪಷ್ಟನೆ: ಗುಕೇಶ್ ವಿಶ್ವಪಟ್ಟ ಗೆದ್ದದ್ದು ಕಾರ್ಲ್‌ಸನ್ ವಿರುದ್ಧವಲ್ಲ

ನಾರ್ವೆಯ ಚೆಸ್ ಆಟಗಾರ ಮ್ಯಾಗ್ನಸ್ ಕಾರ್ಲ್‌ಸನ್ ಸೋತು ಮೇಜು ಗುದ್ದುವ ದೃಶ್ಯದೊಂದಿಗೆ, ಅವರನ್ನು ಸೋಲಿಸಿಯೇ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದರೆಂಬ ಮಾತು ಹರಿದಾಡುತ್ತಿದೆ, ಇದು ತಪ್ಪು. ಆ ದೃಶ್ಯ 2025ರ ಜೂನ್ 1ರಂದು ನಾರ್ವೆ ಚೆಸ್ ಟೂರ್ನಿಯಲ್ಲಿ ಗುಕೇಶ್ ಎದುರು ಅವರು ಸೋತ ಪಂದ್ಯದ್ದು, ವಿಶ್ವಪಟ್ಟದ ಪಂದ್ಯದ್ದಲ್ಲ. ಟೂರ್ನಿಯನ್ನು ಕೊನೆಗೆ ಗೆದ್ದವರು ಕಾರ್ಲ್‌ಸನ್ ಅವರೇ.

ಪಟ್ಟ ಉಳಿಸಿಕೊಳ್ಳಲು ಆಡುವುದಿಲ್ಲವೆಂದು ಕಾರ್ಲ್‌ಸನ್ 2022ರಲ್ಲೇ ಪ್ರಕಟಿಸಿದ್ದರಿಂದ, ಅದು 2023ರಲ್ಲಿ ಚೀನಾದ ಡಿಂಗ್ ಲಿರೆನ್ ಪಾಲಾಗಿತ್ತು. ಗುಕೇಶ್ ಗೆದ್ದದ್ದು ಡಿಂಗ್ ವಿರುದ್ಧ. ಆ ಕಠಿಣ ಹೋರಾಟ ಮರೆತುಹೋಗುವುದು ಇಬ್ಬರಿಗೂ ಅನ್ಯಾಯ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, 14ನೆಯ ಹಾಗೂ ಕೊನೆಯ ಪಂದ್ಯ ಡ್ರಾದತ್ತ ಸಾಗಿದ್ದಾಗ, ಡಿಂಗ್ 55ನೆಯ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ಸರಿಸಿದರು. 7.5–6.5ರಿಂದ ಪಟ್ಟ ಗೆದ್ದ 18 ವರ್ಷದ ಗುಕೇಶ್, ಕಾಯಿಗಳನ್ನು ಮತ್ತೆ ಮೊದಲಿನಂತೆ ಜೋಡಿಸುತ್ತಲೇ ಕಣ್ಣೀರಿಟ್ಟರು.