ಖಾಲಿ ಜಾಗವಂತೆ, ಖಾಲಿ!

ನಿನ್ನೆ ಸಂಜೆ ಕುಮಟೆಯಿಂದ ವಾಪಸ್ ಬರುವಾಗ ಹಂದಿಗೋಣದಲ್ಲಿ ಹೆದ್ದಾರಿ ಬದಿಗೆ ಸ್ಕೂಟರ್ ನಿಲ್ಲಿಸಿ ಈರುಳ್ಳಿ ಗೊಂಚಲು ಆರಿಸ್ತಾ ಇದ್ದೆ. ಪಕ್ಕಕ್ಕೆ ಕಾರೊಂದು ಬಂದು ನಿಂತಿತು. ಒಬ್ಬ ಸೈಟ್ ಬ್ರೋಕರ್, ಜೊತೆಗೆ ಗಿರಾಕಿ. ಬ್ರೋಕರ್ ಗದ್ದೆ ಕಡೆ ಕೈ ಬೀಸಿ, "ಮೊದ್ಲು ಇಲ್ಲೇನಿತ್ತು ಸರ್? ಬರೀ ಖಾಲಿ ಜಾಗ" ಅಂದ. ಆ ಖಾಲಿ ಜಾಗದ ಈರುಳ್ಳಿ ನನ್ನ ಕೈಯಲ್ಲಿತ್ತು, ಬೇರಿಗಿನ್ನೂ ಮರಳುಮಣ್ಣು ಅಂಟಿತ್ತು.

ನನ್ನ ಬಿಪಿ ವಿಚಾರ ನಿಮಗೆಲ್ಲ ಗೊತ್ತೇ ಇದೆ.

ಅಲ್ಲ ಮಾರಾಯ್ರೆ, ಮಳೆಗಾಲಕ್ಕೆ ಭತ್ತ, ಅದು ಕೊಯ್ದ ಮೇಲೆ ಅದೇ ಗದ್ದೆಗೆ ಈರುಳ್ಳಿ. ಹಂದಿಗೋಣ, ಅಳ್ವೆಕೋಡಿ, ವನ್ನಳ್ಳಿ ಕಡೆ ಹೆಂಗಸರು ಸೊಂಟ ಬಗ್ಗಿಸಿ ಒಂದೊಂದೇ ಸಸಿ ನೆಡೋದನ್ನ ಅರ್ಧ ಗಂಟೆ ನಿಂತು ನೋಡಿ, ನಿಮ್ಮ ಬೆನ್ನೂ ನೋಯತ್ತೆ. ಕಿತ್ತ ಮೇಲೂ ಸೊಪ್ಪು ಕತ್ತರಿಸೋದಿಲ್ಲ. ಸೊಪ್ಪಿನ ಸಮೇತ ಜಡೆ ಹೆಣೆದ ಹಾಗೆ ಕಟ್ಟಿ ಮನೆ ತೊಲೆಗೆ ನೇತುಹಾಕೋದು. ಹಸಿಯಾಗೇ ಕಚ್ಚಿದರೂ ಸಿಹಿ. ಇದು ಖಾಲಿ!

ಕುಮಟೆಯ ಹಣೆಬರಹವೇ ಹೀಗೆ. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಸಿಗದೇ ಹೋದಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಿಂದ ಹೋಗ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ 'ಕುಮ್ಟಾ' ಅಂತಲೇ ಹೆಸರು. ಹತ್ತಿಯ ದೆಸೆಯಿಂದಲೇ 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಘಟ್ಟದ ಮೇಲೆ ಬೆಳೆದದ್ದಕ್ಕೆ ನಮ್ಮೂರ ಹೆಸರು, ನಮ್ಮೂರಲ್ಲೇ ಬೆಳೆದದ್ದಕ್ಕೆ 'ಖಾಲಿ'.

ಇದೇ ಗದ್ದೆಗಳಿಗೆ ಗೇಣಿ ಅಳೆದು ಅಳೆದು ಜನ ಸುಸ್ತಾಗಿದ್ದರು. ಚುಟುಕು ಕವಿ ದಿನಕರ ದೇಸಾಯರು ರೈತರನ್ನು ಒಗ್ಗೂಡಿಸಿದ್ದಕ್ಕೆ ಜಿಲ್ಲೆಯಿಂದಲೇ ಗಡೀಪಾರಾದರು. 1974ರ ಭೂಸುಧಾರಣೆ ಬಂದು, ಗದ್ದೆ ಉಳೋರು ನಾವೇ ಅಂತ ಡಿಕ್ಲರೇಶನ್ ಕೊಟ್ಟು, ಕೋರ್ಟು ಕಚೇರಿ ಅಲೆದು, ಅಂತೂ ಪಹಣಿಯಲ್ಲಿ ಹೆಸರು ಕೂತಿತು. ಖಾಲಿ ಜಾಗಕ್ಕೆ ಯಾರಾದ್ರೂ ಗೇಣಿ ಕೊಡ್ತಾರಾ?

"ಮಾರೋರು ರೈತರೇ ಅಲ್ವಾ?" ಅಂತ ಈಗ ಕಮೆಂಟ್ ಬರತ್ತೆ. ಹೌದಪ್ಪ, ಅವರೇ. ಮಗ ಬೆಂಗಳೂರಲ್ಲಿ, ಕೆಲಸಕ್ಕೆ ಆಳಿಲ್ಲ, ಗುಂಟೆ ರೇಟು ಕೇಳಿದ್ರೆ ನನಗೇ ತಲೆ ತಿರುಗತ್ತೆ. ಮಾರಲಿ ಬಿಡಿ, ಅವರ ಗದ್ದೆ, ಅವರ ಇಷ್ಟ. ಆದರೆ ಗದ್ದೆ ಅಂತ ಹೇಳಿ ಮಾರಿ. 'ಖಾಲಿ' ಅಂದರೆ ಅಲ್ಲಿ ದುಡಿದವರನ್ನೂ ಪಹಣಿಯಿಂದ ಹೊಡೆದುಹಾಕಿದ ಹಾಗೆ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. ನನ್ನ ಮನೆ ಎದ್ದಿರೋದೂ ಎನ್.ಎ. (ಅಂದ್ರೆ ಕೃಷಿಯೇತರ) ಮಾಡಿಸಿದ ಗದ್ದೆ ಮೇಲೇ. ಪಾಯ ತೆಗೆಯುವಾಗ ಯಾರೋ ಕೀಳದೆ ಬಿಟ್ಟ ನಾಲ್ಕು ಈರುಳ್ಳಿ ಸಿಕ್ಕಿದ್ದವು, ಮೇಸ್ತ್ರಿ ತೊಳೆದು ಮಧ್ಯಾಹ್ನದ ಗಂಜಿಗೆ ಕಚ್ಚಿಕೊಂಡ. ಅದಾಗಿ ವಾರಕ್ಕೆ ಬ್ಯಾಂಕ್ ಸಾಲದ ಅರ್ಜಿಯಲ್ಲಿ ನನ್ನ ಕೈಯಾರೆ ಬರೆದೆ: 'ಖಾಲಿ ನಿವೇಶನ'.

ನಿನ್ನೆ ಚೌಕಾಸಿ ಮಾಡದೆ ಎರಡು ಗೊಂಚಲು ತಂದೆ. ಸ್ಲ್ಯಾಬಿನ ಮನೆ ನೋಡಿ, ತೊಲೆ ಎಲ್ಲಿಂದ ಬರಬೇಕು? ನಡುಮನೆಯ ಫ್ಯಾನ್ ಕಳಚಿ ಅದರ ಕೊಂಡಿಗೆ ನೇತುಹಾಕಿದೀನಿ. ಹೆಂಡತಿ ಸೆಕೆ ಸೆಕೆ ಅಂತ ಬೆಳಿಗ್ಗೆಯಿಂದ ಬೈತಾ ಇದ್ದಾಳೆ.