ಆ ಕೊನೆಯ ಹಾಡನ್ನೂ ಕೇಳಿ
ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 1988ರ ಆಲ್ಬಂ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಬರೀ ವ್ಯವಸ್ಥೆಯ ಮೇಲಿನ ಸಿಟ್ಟು ಅಂತ ನಿಮ್ಮ ವಿಮರ್ಶೆಯಲ್ಲಿ ಬರೆದಿದ್ದೀರಿ. ನ್ಯಾಯವನ್ನೇ ಕೊಳ್ಳುವ ದುಡ್ಡು, ಯುದ್ಧ ಎಲ್ಲ ಇದೆ, ನಿಜ. ಆದರೆ ಕೊನೆಯ ‘ಡೈಯರ್ಸ್ ಈವ್’ ಬಿಟ್ಟುಬಿಟ್ಟಿರಲ್ವಾ? ಅಲ್ಲಿ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಅಪ್ಪ ಅಮ್ಮನಿಗೆ ಕಾಗದ ಬರೆದ ಹಾಗೆ ಹಾಡುತ್ತಾರೆ. ಹೊರಗಿನ ಲೋಕವನ್ನೇ ತೋರಿಸದೆ ಬೆಳೆಸಿದಿರಿ ಅನ್ನುವ ಸಂಕಟ ಅದು.

ಅದೇ ಆಲ್ಬಂನ ‘ಒನ್’ ಹಾಡಿನಲ್ಲಿ ಕೈಕಾಲು, ಕಣ್ಣು, ಮಾತು ಎಲ್ಲ ಕಳೆದುಕೊಂಡ ಸೈನಿಕ. ಗಿಟಾರ್ ಮೆಲ್ಲಗೆ ಶುರುವಾಗುತ್ತದೆ. ಆಮೇಲೆ ಡ್ರಮ್ಮು ಮೆಷಿನ್‌ಗನ್ ಥರ ಸಿಡಿಯುತ್ತದೆ. ನನಗೆ ಈಗಲೂ ಅಲ್ಲಿ ಮೈ ಜುಮ್ ಅನ್ನುತ್ತದೆ.

ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಅನ್ನುವ ನಿಮ್ಮ ಮಾತು ಒಪ್ಪುತ್ತೇನೆ. ಅದನ್ನು ನುಡಿಸಿದ ಜೇಸನ್ ನ್ಯೂಸ್ಟೆಡ್‌ಗೆ ಅನ್ಯಾಯವೇ ಆಯ್ತು. ಆದರೆ 1986ರ ಬಸ್ ಅಪಘಾತದಲ್ಲಿ ಅವರಿಗಿಂತ ಮುಂಚೆ ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡಿದ್ದರು. ಅವರ ಜಾಗವನ್ನು ಖಾಲಿ ಬಿಟ್ಟ ಹಾಗೆ ನನಗೆ ಕೇಳಿಸುತ್ತದೆ.